ಬಣ್ಣ ಹೊಡೆಯುವ ಮೊದಲು ಚೇಂಬರ್ ಮುಚ್ಚಳ ತೆಗೆಸಿ

ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಗೆ 371 ಹಾಸಿಗೆಗಳ ಸ್ವಂತ ಕಟ್ಟಡ ಸಿಕ್ಕಿದ್ದು 2024ರ ಡಿಸೆಂಬರಿನಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಆ ಸಂಖ್ಯೆ. ಎದೆನೋವು ಅಂದರೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಿದ್ದ ಜನರಿಗೆ ಅದು ದೊಡ್ಡ ಆಸರೆ. ಆದರೆ ನಮ್ಮ ಭಾಗದ ಹೆಚ್ಚಿನ ಹೆರಿಗೆ, ಜ್ವರ, ಅಪಘಾತ ಎಲ್ಲ ಮೊದಲು ಬರುವುದು ತಾಲ್ಲೂಕು ಆಸ್ಪತ್ರೆಗೇ ಅಲ್ವಾ? ನಾನು ಎಂಜಿನಿಯರ್. ಇಂಥ ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ.

ದುರಸ್ತಿ ಎಂದ ಕೂಡಲೇ ಎಸ್ಟಿಮೇಟ್‌ನಲ್ಲಿ ಮೊದಲು ಬರುವುದು ಟೈಲ್ಸ್, ಬಣ್ಣ, ಫಾಲ್ಸ್ ಸೀಲಿಂಗ್. ಒಂದು ಕಡೆ ಹೆರಿಗೆ ವಾರ್ಡಿಗೆ ಹೊಳೆಯುವ ಟೈಲ್ಸ್ ಹಾಕಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಹೋಗಿ ನೋಡಿದರೆ ಬಾತ್‌ರೂಮ್ ಪಕ್ಕದ ಗೋಡೆ ಮೊಣಕಾಲೆತ್ತರದವರೆಗೆ ಉಬ್ಬಿತ್ತು, ಬೆರಳಿಟ್ಟರೆ ಪುಟ್ಟಿ ಉದುರುತ್ತಿತ್ತು. ನೆಲ ಒಡೆಸಿದಾಗ ಗೊತ್ತಾಯಿತು: ಒಳಗಿನ ಹಳೆಯ ಜೇಡಿಪೈಪು ಜಾಯಿಂಟ್‌ನಲ್ಲೇ ಬಿಟ್ಟುಕೊಂಡಿದೆ, ಅದನ್ನು ಯಾರೂ ಮುಟ್ಟೇ ಇಲ್ಲ. ಆ ಹೊಲಸು ನೀರು ಬಾಣಂತಿಯರ ಮಂಚದ ಕೆಳಗೇ ಇಂಗುತ್ತಿತ್ತು. ನನಗೆ ಆವತ್ತು ಊಟ ಸೇರಲಿಲ್ಲ.

ಅದಕ್ಕೇ ಈಗ ಸೈಟಿಗೆ ಹೋದರೆ ನಾನು ಮೊದಲು ಹೊಲಸು ನೀರಿನ ಪೈಪುಗಳು ಬಂದು ಸೇರುವ ಗುಂಡಿಯ, ಅಂದರೆ ಚೇಂಬರ್‌ನ, ಮುಚ್ಚಳ ತೆಗೆಸುತ್ತೇನೆ. ಮೇಲಿನಿಂದ ಒಂದು ಬಕೆಟ್ ಬಣ್ಣದ ನೀರು ಬಿಡಿಸಿ ಅದು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಬರುತ್ತದೆ ನೋಡುತ್ತೇನೆ. ಆಮೇಲೆ ಟ್ಯಾಂಕು, ಅರ್ಥಿಂಗ್, ಪ್ಯಾನೆಲ್ ಬೋರ್ಡ್.

ನೆಲದ ಬಗ್ಗೆ ಒಂದು ಮಾತು. ಹಳೆಯ ವಾರ್ಡುಗಳಲ್ಲಿ ನಮ್ಮದೇ ಶಹಾಬಾದ್ ಕಲ್ಲು ಇರುತ್ತದೆ. ಸುಮ್ನೆ ಕಿತ್ತು ಎಸೆಯಬೇಡಿ. ಸಂದಿಗಳಲ್ಲಿ ಕೊಳೆ ಕೂರುತ್ತದೆ, ನಿಜ, ಹಾಗಾಗಿ ಆಪರೇಷನ್ ಥಿಯೇಟರಿಗೆ ಅದು ಬೇಡವೇ ಬೇಡ. ಆದರೆ ಪಾಲಿಶ್ ಮಾಡದ ಕಲ್ಲು ವರಾಂಡಕ್ಕೆ ಚೆನ್ನ, ಒದ್ದೆ ಕಾಲಿನ ಅಜ್ಜಿ ಜಾರುವುದಿಲ್ಲ. ಇನ್ನು ವರಾಂಡ 2.4 ಮೀಟರ್ ಅಗಲ ಇರಲೇಬೇಕು, ಎದುರುಬದುರು ಎರಡು ಸ್ಟ್ರೆಚರ್ ದಾಟಬೇಕಲ್ಲ. ಅಲ್ಲಿ ಬೀರು, ಮುರಿದ ಮಂಚ ತಂದಿಟ್ಟರೆ ಆ ಅಗಲ ಇದ್ದೂ ಇಲ್ಲದಂತೆ.

ಎಲ್ಲಕ್ಕಿಂತ ಕಷ್ಟ, ರೋಗಿಗಳು ಇರುವಾಗಲೇ ಒಡೆಯುವುದು. ಗೋಡೆ ಒಡೆದ ಧೂಳಿನಲ್ಲಿ ಬೂಷ್ಟಿನ ಕಣಗಳು ಹಾರುತ್ತವೆ, ಶಕ್ತಿ ಕುಂದಿದ ರೋಗಿಯ ಶ್ವಾಸಕೋಶಕ್ಕೆ ಅದು ಅಪಾಯ. ಅದಕ್ಕೆ ಒಂದೊಂದೇ ವಾರ್ಡು ಖಾಲಿ ಮಾಡಿಸಿ, ನೆಲದಿಂದ ಸೂರಿನವರೆಗೆ ದಪ್ಪ ಪ್ಲಾಸ್ಟಿಕ್ ಬಿಗಿದು, ಕಲ್ಲುಮಣ್ಣನ್ನು ಒದ್ದೆ ಮಾಡಿ ಬೇರೆ ದಾರಿಯಲ್ಲಿ ಸಾಗಿಸಬೇಕು. ಇದಕ್ಕೆ ಸಮಯ ಜಾಸ್ತಿ ಬೇಕು, ದುಡ್ಡೂ ಬೇಕು. ಟೆಂಡರಿನಲ್ಲೇ ಬರೆಸಿ. ಬರೆಯದಿದ್ದರೆ ಗುತ್ತಿಗೆದಾರ ಮಾಡುವುದಿಲ್ಲ, ಕೇಳಲು ನಮಗೂ ಬಾಯಿರುವುದಿಲ್ಲ.