‘ಉದ್ಭವಿಸುವುದಿಲ್ಲ’ ಅಂದ್ರೆ ಪ್ರಶ್ನೆ ಸತ್ತಂಗೆ

ಶಾಸಕರು ಕೇಳುವ ಪ್ರಶ್ನೆಗೆ ಸರ್ಕಾರ ಕೊಡುವ ಉತ್ತರದ ಹಾಳೆಯನ್ನು ನೀವು ನೋಡಿದ್ದೀರಾ? ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಅಂತ ತುಂಡು ಮಾಡಿರುತ್ತಾರೆ. ಒಂದು ಮಾದರಿ ಹೇಳುತ್ತೇನೆ. ‘ಅ) ಜಿಲ್ಲೆಯ ಕೆರೆಗಳಲ್ಲಿ ಹೂಳು ತುಂಬಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರ: ‘ಗಮನಕ್ಕೆ ಬಂದಿರುವುದಿಲ್ಲ.’ ‘ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಉತ್ತರ: ‘ಉದ್ಭವಿಸುವುದಿಲ್ಲ.’

ಮುಗೀತು. ಹದಿನೈದು ದಿನ ಮೊದಲೇ ಕೊಟ್ಟ ಪ್ರಶ್ನೆ ಒಂದೇ ಪದಕ್ಕೆ ಸತ್ತುಹೋಯಿತು.

ನಾನು ಹದಿನಾಲ್ಕು ವರ್ಷ ಕೋಲಾರ ಜಿಲ್ಲೆಯ ಇಬ್ಬರು ಶಾಸಕರಿಗೆ ಆಪ್ತ ಸಹಾಯಕನಾಗಿದ್ದವನು. ಇಬ್ಬರೂ ಬೇರೆ ಬೇರೆ ಪಕ್ಷದವರು. ಇಬ್ಬರೂ ಜಾಸ್ತಿ ದಿನ ವಿರೋಧ ಪಕ್ಷದ ಸಾಲಿನಲ್ಲೇ ಕೂತವರು. ಅವರ ಪ್ರಶ್ನೆ ಬರೆಯುತ್ತಿದ್ದವನು ನಾನು. ಮೊದಲ ವರ್ಷ ನಾನು ಬರೆದದ್ದೆಲ್ಲ ‘ಗಮನಕ್ಕೆ ಬಂದಿದೆಯೇ’ ಜಾತಿಯ ಪ್ರಶ್ನೆಗಳೇ. ಅಧಿಕಾರಿಗಳಿಗೆ ಹಬ್ಬ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದವು. 20ರಲ್ಲಿ ಎಲ್ಲಕ್ಕೂ ಸರದಿ ಬರುವುದೇ ಅಪರೂಪ. ಹಾಗಿದ್ದರೂ ಚುಕ್ಕೆ ಪ್ರಶ್ನೆಗೆ ಸದಸ್ಯರು ಯಾಕೆ ಸಾಯುತ್ತಾರೆ? ಉಪಪ್ರಶ್ನೆಗಾಗಿ, ಅಂದ್ರೆ ಮಂತ್ರಿಯ ಉತ್ತರದ ಬೆನ್ನಿಗೇ ಎದ್ದು ಕೇಳುವ ಪ್ರಶ್ನೆಗಾಗಿ. ಮೊದಲ ಪ್ರಶ್ನೆ ಮಂತ್ರಿಗೆ ಗೊತ್ತಿರುತ್ತದೆ. ಇಲಾಖೆಯವರು ಫೈಲು ತುಂಬಿಸಿ ಕಳಿಸಿರುತ್ತಾರೆ. ಉಪಪ್ರಶ್ನೆ ಏನು ಅಂತ ಗೊತ್ತಿರಲ್ಲ. ಆಗ ಮಂತ್ರಿಯ ಕಣ್ಣು ಅಧಿಕಾರಿಗಳ ಗ್ಯಾಲರಿ ಕಡೆ ಹೋಗುತ್ತದೆ. ಅಲ್ಲಿಂದ ಚೀಟಿ ಬರುತ್ತದೆ. ಸರ್ಕಾರ ನಿಜವಾಗಿ ಬೆವರುವುದು ಆ ಅರ್ಧ ನಿಮಿಷ.

ಇದನ್ನು ಟೀವಿಯಲ್ಲಿ ತೋರಿಸಲ್ಲ. ತೋರಿಸುವುದು ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಅಂದ್ರೆ ಸದನದ ಬಾವಿಗೆ, ಇಳಿದ ಗಲಾಟೆ. ಗಲಾಟೆ ಜೋರಾಗಿ ಪ್ರಶ್ನೋತ್ತರವೇ ನಡೆಯದೆ ಹೋದರೆ ಉತ್ತರಗಳನ್ನು ಸದನದಲ್ಲಿ ಮಂಡಿಸಿದಂತೆ ಅಂತ ತಿಳಿದು ಮುಂದೆ ಹೋಗುತ್ತಾರೆ. ಉಪಪ್ರಶ್ನೆ ಇಲ್ಲ. ಮಂತ್ರಿ ಆರಾಮಾಗಿ ಕಾಫಿಗೆ ಹೋಗುತ್ತಾರೆ. ವಿರೋಧ ಪಕ್ಷದ ಧರಣಿಯಿಂದ ಆಳುವವರಿಗೆ ಎಷ್ಟು ಸಲ ಉಪಕಾರ ಆಗಿದೆ ಅಂತ ಲೆಕ್ಕ ಇಟ್ಟವರಿಲ್ಲ. ಹಾಗಂತ ಧರಣಿಯೇ ತಪ್ಪು ಅನ್ನಲಾರೆ. ನಮ್ಮ ವಿಧಾನಸಭೆಯಲ್ಲಿ ನಿಯಮ 60ರಡಿ ನಿಲುವಳಿ ಸೂಚನೆ (ಬೇರೆ ಕೆಲಸ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಅನ್ನುವ ಕೋರಿಕೆ) ಕೊಟ್ಟು, ಅದನ್ನು ನಿಯಮ 69ಕ್ಕೆ, ಅಂದ್ರೆ ಬರೀ ಅಲ್ಪಾವಧಿ ಚರ್ಚೆಗೆ ಬದಲಾಯಿಸಿ, ಕೊನೆಗೆ ಚರ್ಚೆಗೆ ಹೊತ್ತೇ ಸಿಗದೆ ಹೋದಾಗ ಬಾವಿಗಿಳಿಯದೆ ಇನ್ನೇನು ಮಾಡ್ತಾರೆ? ವರ್ಷಕ್ಕೆ 60 ದಿನವಾದರೂ ಅಧಿವೇಶನ ನಡೆಸಬೇಕು ಅಂತ ಕರ್ನಾಟಕದಲ್ಲಿ 2005ರಲ್ಲಿ ಕಾನೂನನ್ನೇ ಮಾಡಿಕೊಂಡಿದ್ದಾರೆ. ಅರವತ್ತು ಮುಟ್ಟುವುದು ಮಾತ್ರ ಅಪರೂಪ.

ನಮ್ಮ ಕಡೆಯವರಿಗೆ ಅರ್ಥವಾಗುವ ಉದಾಹರಣೆ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. ಗುರಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜನ ಪೂಜೆ ಮಾಡಿದರು. ಜುಲೈನಲ್ಲಿ ನೊರೆ ಬಂತು, ಹೈಕೋರ್ಟ್ ತಡೆಯೂ ಬಂತು. ಆಮೇಲೆ ನೀರು ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನುವ ಕೂಗು ಇವತ್ತಿಗೂ ನಿಂತಿಲ್ಲ.

ಈಗ ವಿರೋಧ ಪಕ್ಷದ ಶಾಸಕರು ಎದ್ದು ‘ಕೋಲಾರದ ಜನರಿಗೆ ವಿಷ ಕುಡಿಸುತ್ತಿದ್ದೀರಾ?’ ಅಂತ ಕೇಳಿದರು ಅನ್ನಿ. ಮಾರನೇ ದಿನ ಪೇಪರಿನಲ್ಲಿ ದಪ್ಪಕ್ಷರ ಗ್ಯಾರಂಟಿ. ಉತ್ತರವೂ ಗ್ಯಾರಂಟಿ: ‘ಇಲ್ಲ. ನಿಗದಿತ ಮಾನದಂಡದಂತೆ ಶುದ್ಧೀಕರಿಸಲಾಗುತ್ತಿದೆ.’ ಅದನ್ನೇ ಹೀಗೆ ಕೇಳಬಹುದು. 126ರಲ್ಲಿ ಎಷ್ಟು ಕೆರೆಗೆ ನೀರು ಮುಟ್ಟಿದೆ? ಕೆರೆವಾರು ಪಟ್ಟಿ ಕೊಡಿ. ಆ ಕೆರೆಗಳ ಸುತ್ತಲಿನ ಎಷ್ಟು ಕೊಳವೆ ಬಾವಿಗಳ ನೀರನ್ನು ಪರೀಕ್ಷೆ ಮಾಡಿದ್ದೀರಿ, ಯಾವ ತಾರೀಖು, ಯಾವ ಲ್ಯಾಬಿನಲ್ಲಿ? ಮೂರನೇ ಹಂತಕ್ಕೆ ಅಂದಾಜು ಪಟ್ಟಿ ಆಗಿದೆಯೇ, ಆಗಿದ್ದರೆ ಫೈಲು ಯಾವ ಇಲಾಖೆಯಲ್ಲಿದೆ? ಇದಕ್ಕೆ ‘ಉದ್ಭವಿಸುವುದಿಲ್ಲ’ ಅನ್ನಲು ಬರಲ್ಲ. ಇಂಥ ಪ್ರಶ್ನೆಯಿಂದ ವಿಡಿಯೊ ವೈರಲ್ ಆಗಲ್ಲ, ಒಪ್ಪುತ್ತೇನೆ. ಆದರೆ ಪಟ್ಟಿ ಕೈಗೆ ಬರುತ್ತದೆ. ಪಟ್ಟಿ ಬಂದ ಮೇಲೆ ಊರೂರಿನ ಜನ ತಮ್ಮ ಕೆರೆ ಹೆಸರು ಹುಡುಕುತ್ತಾರೆ, ಅಲ್ವಾ?

ಇನ್ನೊಂದು ಗೋಡೆ ಇದೆ. ‘ನೀವಿದ್ದಾಗ ಏನು ಮಾಡಿದ್ರಿ?’ ಪಶ್ಚಿಮ ಘಟ್ಟದ ಹೊಳೆ ನೀರನ್ನು ಕೋಲಾರದಂಥ ಬಯಲು ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯ ವಿಷಯ ಬಂದರೆ ಸಾಕು, ಇದು ಬಂದೇ ಬರುತ್ತದೆ. 2012ರಲ್ಲಿ ಬಿಜೆಪಿ ಸರ್ಕಾರ ಒಪ್ಪಿಗೆ ಕೊಟ್ಟಾಗ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ ಕಾಂಗ್ರೆಸ್ ಕಾಲದಲ್ಲಿ 12,912 ಕೋಟಿ. 2023ರಲ್ಲಿ ಮತ್ತೆ ಬಿಜೆಪಿ, 23,251 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತಕ್ಕೆ ಚಾಲನೆ ಕೊಟ್ಟಿದ್ದು ಕಾಂಗ್ರೆಸ್. ಇದರಲ್ಲಿ ಯಾರು ಎದ್ದು ಯಾರನ್ನು ಕೇಳಿದರೂ ಎದುರಿನವರ ಕೈಯಲ್ಲಿ ಒಂದು ಕಲ್ಲು ಇರುತ್ತದೆ. ನಾನು ನಮ್ಮ ಶಾಸಕರಿಗೆ ಹೇಳುತ್ತಿದ್ದೆ: ‘ಸಾರ್, ಒಟ್ಟು ಖರ್ಚು ಎತ್ತಬೇಡಿ. ಹೋದ ಅಧಿವೇಶನದಿಂದ ಈಚೆಗೆ ಎಷ್ಟು ಕಿಲೋಮೀಟರ್ ಕಾಲುವೆ ಆಯ್ತು ಅಂತ ಮಾತ್ರ ಕೇಳಿ.’ ಆ ಆರು ತಿಂಗಳು ಪೂರ್ತಿ ಅವರದ್ದೇ. ತಪ್ಪಿಸಿಕೊಳ್ಳಲು ಸಂದಿ ಇಲ್ಲ. ಒಬ್ಬರು ಕೇಳಿದರು. ಇನ್ನೊಬ್ಬರಿಗೆ ಭಾಷಣವೇ ಇಷ್ಟ, ಏನು ಮಾಡೋಣ.

ಒಳ್ಳೆಯ ಉಪಪ್ರಶ್ನೆ ಹುಟ್ಟುವುದು ವಿಧಾನಸೌಧದಲ್ಲಲ್ಲ. ನನ್ನ ಅನುಭವದಲ್ಲಿ ಅದು ಕೆರೆ ಏರಿಯ ಮೇಲೆ ಹುಟ್ಟಿದೆ.

ತುಂಬಾ ಹಿಂದಿನ ಮಾತು. ಯಾವ ಇಲಾಖೆ, ಯಾವ ಕೆರೆ ಅಂತ ಹೇಳಲ್ಲ. ಹೂಳೆತ್ತಿದ ಕೆರೆಗಳ ವಿವರ ಕೇಳಿದ್ದೆವು. ‘ಅನುಬಂಧದಲ್ಲಿ ನೀಡಲಾಗಿದೆ’ ಅಂತ ಉತ್ತರ ಬಂತು. ಅಧಿವೇಶನದ ಹಿಂದಿನ ದಿನ ಸಂಜೆ ಉತ್ತರದ ಪ್ರತಿ ಕೈಗೆ ಸಿಕ್ಕಿತು. ಪಟ್ಟಿಯಲ್ಲಿ ನಮ್ಮ ಅತ್ತೆಯ ಊರಿನ ಕೆರೆಯೂ ಇತ್ತು. ಭಾವಮೈದನಿಗೆ ಫೋನ್ ಮಾಡಿದೆ. ‘ಹೂಳಾ? ಯಾರೆತ್ತಿದ್ರು ಭಾವ? ಒಳಗೆಲ್ಲ ಸೀಮೆ ಜಾಲಿ, ಮೇಕೆ ನುಗ್ಗಿದ್ರೆ ಕಾಣ್ಸಲ್ಲ’ ಅಂದ. ಬೆಳಿಗ್ಗೆ ಆರಕ್ಕೆ ಹೋಗಿ ಫೋಟೊ ತೆಗೆದು ಕಳಿಸಿದ. ಬರೀ ಮರದ ಫೋಟೊ ಅಲ್ಲ, ಮರದ ಪಕ್ಕ ತಾನೇ ನಿಂತು ತೆಗೆಸಿಕೊಂಡದ್ದು. ಮರ ಅವನಿಗಿಂತ ಎರಡು ಅಡಿ ಎತ್ತರ.

ನಮ್ಮ ಶಾಸಕರು ಕೂಗಲಿಲ್ಲ. ‘ಮಾನ್ಯ ಸಭಾಧ್ಯಕ್ಷರೇ, ಹೋದ ವರ್ಷ ಹೂಳೆತ್ತಿದ ಕೆರೆಯಲ್ಲಿ ಎಂಟಡಿ ಜಾಲಿ ಮರ ಒಂದೇ ವರ್ಷಕ್ಕೆ ಬೆಳೆಯುತ್ತದೆಯೇ? ಹಾಗಿದ್ದರೆ ಆ ಹೂಳನ್ನು ನಮ್ಮ ರೈತರಿಗೆ ಗೊಬ್ಬರಕ್ಕೆ ಕೊಡಿಸಿ’ ಅಂದರು. ಆಳುವ ಪಕ್ಷದವರೇ ನಕ್ಕರು. ಚೀಟಿ ಬರಲಿಲ್ಲ. ಮಂತ್ರಿಗಳು ‘ವರದಿ ತರಿಸಿಕೊಂಡು ಕ್ರಮ ತೆಗೆದುಕೊಳ್ಳುತ್ತೇನೆ’ ಅಂದರು. ಸದನದಲ್ಲಿ ಹೀಗೆ ಅಂದರೆ ಅದು ಭರವಸೆ. ಅದನ್ನು ಪಟ್ಟಿ ಮಾಡಿ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಜನರಿಗೆ ಅದರ ಹೆಸರೂ ಗೊತ್ತಿಲ್ಲ. ನಾನು ಮಾತ್ರ ತಿಂಗಳಿಗೊಂದು ನೆನಪೋಲೆ ಬರೆಯುತ್ತಿದ್ದೆ.

ಅಷ್ಟರಲ್ಲಿ ಚುನಾವಣೆ ಬಂತು. ನಾವು ಗೆದ್ದೆವು, ನಮ್ಮ ಪಕ್ಷವೇ ಸರ್ಕಾರ ಮಾಡಿತು. ಮುಂದಿನ ನೆನಪೋಲೆಯನ್ನು ಸಹಿಗೆ ಇಟ್ಟಾಗ ಶಾಸಕರು ಪೆನ್ನು ಕೆಳಗಿಟ್ಟರು. ‘ಈಗ ಯಾಕಪ್ಪಾ ಇದು? ಇಲಾಖೆ ಮಂತ್ರಿ ನಮ್ಮೋರೇ ಅಲ್ವಾ.’

ಎರಡು ವಾರ ಆಗಿರಬೇಕು. ಸೋತು ವಿರೋಧ ಪಕ್ಷಕ್ಕೆ ಹೋದವರಲ್ಲಿ ಒಬ್ಬರ ಸಹಾಯಕ ಫೋನ್ ಮಾಡಿದ. ಗೊತ್ತಿದ್ದವನೇ, ಒಟ್ಟಿಗೆ ಎಷ್ಟೋ ಸಲ ಶಾಸಕರ ಭವನದ ಕ್ಯಾಂಟೀನಿನಲ್ಲಿ ಊಟ ಮಾಡಿದ್ದೇವೆ. ‘ಅಣ್ಣಾ, ಆ ಜಾಲಿ ಮರದ ಫೋಟೊ ನಿಮ್ಮತ್ರ ಇನ್ನೂ ಇದ್ಯಾ?’