ಚಿಪ್ಪಿನ ತಿಪ್ಪೆ

ಡೇನಿಷ್ ಭಾಷೆಯಲ್ಲಿ ‘ಮ್ಯೋಡಿಂಗ್’ ಎಂದರೆ ತಿಪ್ಪೆ, ‘ಕ್ಯೋಕನ್’ ಎಂದರೆ ಅಡುಗೆಮನೆ. ಎರಡೂ ಸೇರಿದ ‘ಕ್ಯೋಕನ್‌ಮ್ಯೋಡಿಂಗ್’ ಎಂಬ ಪದ ಪುರಾತತ್ತ್ವದಲ್ಲಿ ನೆಲೆಯೂರಿದೆ. ಇಂಗ್ಲಿಷಿನವರ ‘ಶೆಲ್ ಮಿಡನ್’ ಇದೇ. ಕನ್ನಡಕ್ಕೆ ‘ಚಿಪ್ಪಿನ ತಿಪ್ಪೆ’ ಎಂದರೆ ಅರ್ಥವೂ ಕೂಡಿಬರುತ್ತದೆ, ಪ್ರಾಸ ಪುಕ್ಕಟೆ.

ಡೆನ್ಮಾರ್ಕಿನ ಕಡಲಂಚಿನಲ್ಲಿರುವ ಈ ಚಿಪ್ಪಿನ ರಾಶಿಗಳು ಅಲೆ ಒಟ್ಟಿದವಲ್ಲ, ಮನುಷ್ಯರು ಉಂಡು ಎಸೆದವು ಎಂದು ತೋರಿಸಿದ್ದು 1848ರಲ್ಲಿ ರಚನೆಯಾದ ಸಮಿತಿ. ಪ್ರಾಣಿಶಾಸ್ತ್ರಜ್ಞ ಸ್ಟೀನ್‌ಸ್ಟ್ರುಪ್, ಭೂವಿಜ್ಞಾನಿ ಫೋರ್ಕ್‌ಹಾಮರ್, ಪುರಾತತ್ತ್ವಜ್ಞ ವೋರ್ಸೊ ಅದರ ಸದಸ್ಯರು. ಚಿಪ್ಪುಗಳ ನಡುವೆ ಇದ್ದಿಲು, ಕಲ್ಲಿನ ಉಪಕರಣ, ಪ್ರಾಣಿಗಳ ಮೂಳೆ ಸಿಕ್ಕವು. ಲಿಮ್‌ಫ್ಯೋರ್ಡ್ ದಡದ ಎರ್ಟೆಬ್ಯೋಲೆ ಎಂಬಲ್ಲಿನ ತಿಪ್ಪೆ ಸುಮಾರು 140 ಮೀಟರ್ ಉದ್ದವಿತ್ತು. ಕ್ರಿ.ಪೂ. 5400ರಿಂದ 4000ದವರೆಗೆ ಬಾಳಿದ ಆ ಜನಕ್ಕೂ ಅದೇ ಹೆಸರು. ಅವರು ಮಡಕೆ ಮಾಡುತ್ತಿದ್ದರು, ಬೇಸಾಯ ಮಾಡುತ್ತಿರಲಿಲ್ಲ. ಗೋಧಿ, ಬಾರ್ಲಿ, ದನಕರು ಅಲ್ಲಿಗೆ ಬಂದದ್ದು ಕ್ರಿ.ಪೂ. 4000ದ ಹೊತ್ತಿಗೆ. ನಾರ್ಸ್‌ಮಿಂಡೆಯ ತಿಪ್ಪೆಯಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ: ಬೇಟೆಗಾರರ ಕಾಲದ ಕೆಳಪದರದಲ್ಲಿ ಸಿಂಪಿಯೇ ಹೆಚ್ಚು, ರೈತರ ಕಾಲದ ಮೇಲ್ಪದರದಲ್ಲಿ ಕಾಕಲ್ ಎಂಬ ಪುಟ್ಟ ಚಿಪ್ಪು.

ಆದರೆ ತಿಪ್ಪೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. ನಮ್ಮ ಕರಾವಳಿಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಬಾಯಿಗೆ ಹೋದದ್ದು ಚೂರು, ಎಲೆಯ ಪಕ್ಕದಲ್ಲಿ ಗುಡ್ಡ. ಒಂದು ಕೆಂಪು ಜಿಂಕೆಯ ಮಾಂಸದಷ್ಟು ಶಕ್ತಿ ಪಡೆಯಲು ಸುಮಾರು 50 ಸಾವಿರ ಸಿಂಪಿ ಬೇಕೆಂಬ ಲೆಕ್ಕವೂ ಇದೆ. ಮೀನಿನ ಸಣ್ಣ ಮೂಳೆಗಳಾದರೋ ಜರಡಿಯಿಂದಲೇ ಜಾರಿಹೋಗುತ್ತವೆ.

ಆದ್ದರಿಂದ ತಿಂದವರ ಮೂಳೆಯನ್ನೇ ಕೇಳಬೇಕಾಯಿತು. ಕಡಲ ಆಹಾರ ಉಂಡವರ ಮೂಳೆಯಲ್ಲಿ ಕಾರ್ಬನ್-13ರ, ಅಂದರೆ ತುಸು ಭಾರದ ಇಂಗಾಲದ, ಪಾಲು ತುಸು ಹೆಚ್ಚು. 1981ರಲ್ಲಿ ವಿಜ್ಞಾನಿ ಹೆನ್ರಿಕ್ ಟೌಬರ್ ಡೆನ್ಮಾರ್ಕಿನ ಮೂಳೆಗಳನ್ನು ಅಳೆದಾಗ, ಬೇಟೆಗಾರರು ಕಡಲಿನ ಕಡೆ, ರೈತರು ನೆಲದ ಕಡೆ ನಿಂತರು. ಬೇಸಾಯ ಕಲಿತದ್ದೇ ತಡ, ಜನ ಕಡಲಿಗೆ ಬೆನ್ನು ಹಾಕಿದರು ಎಂಬ ಮಾತು ಹಬ್ಬಿತು.

ನನಗೆ ಆ ಮಾತು ತೀರ ಅವಸರದ್ದೆನಿಸುತ್ತದೆ. ಈ ಅಳತೆಯಲ್ಲಿ ಕಾಣುವುದು ಮುಖ್ಯವಾಗಿ ಪ್ರೋಟೀನಿನ ಮೂಲ, ಅದೂ ಹಲವು ವರ್ಷಗಳ ಸರಾಸರಿ. ಆಗೊಮ್ಮೆ ಈಗೊಮ್ಮೆ ಉಂಡ ಮೀನು ಅದರಲ್ಲಿ ಕರಗಿಹೋಗಬಹುದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಲ್ಟಿಕ್ ಸೀಮೆಯ ಮಡಕೆಗಳಲ್ಲಿ ಉಳಿದ ಜಿಡ್ಡನ್ನು ಪರೀಕ್ಷಿಸಿತು. ಕರಾವಳಿಯ ಮೊದಲ ರೈತರ ಮಡಕೆಗಳಲ್ಲೂ ಜಲಚರಗಳ ಕೊಬ್ಬು ಅಂಟಿಕೊಂಡಿತ್ತು.