ಪುಟ್ಟ ಶುಕ್ರವಾರ: ಟ್ರಾಕಾಯ್ ಊರಿನ ಕರಾಯಿಮರು

ಲಿಥುವೇನಿಯಾದಲ್ಲಿ ಕರಾಯಿಮರು ಅನ್ನುವ ಪುಟ್ಟ ಜನಾಂಗವಿದೆ. ಅವರ ಕರಾಯಿಮ್ ಭಾಷೆಯಲ್ಲಿ ಶುಕ್ರವಾರಕ್ಕೆ ಬರಸ್ಕಿ ಅಂತಾರೆ. ಗುರುವಾರಕ್ಕೆ ಕಿಚಿಬರಸ್ಕಿ, ಅಂದರೆ ಪುಟ್ಟ ಶುಕ್ರವಾರ. ಕಿಚಿ ಅಂದರೆ ಚಿಕ್ಕದು, ಅದು ಅವರ ಸ್ವಂತ ಪದ. ಬರಸ್ಕಿ ಮಾತ್ರ ಗ್ರೀಕರಿಂದ ಬಂದದ್ದು. ಗ್ರೀಕ್ ಭಾಷೆಯಲ್ಲಿ ಶುಕ್ರವಾರಕ್ಕಿರುವ ಪರಸ್ಕೆವಿ ಅನ್ನುವ ಹೆಸರು ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ಶನಿವಾರ ಶಬಾತ್ ಕುನ್, ಅದು ಹೀಬ್ರೂವಿನಿಂದ. ಇನ್ನು ಭಾನುವಾರ ಯೆಖ್‌ಕುನ್, ಆ ಹೆಸರಿಗೆ ‘ಪವಿತ್ರ ದಿನ’ ಅಂತ ಅರ್ಥ. ಆದರೆ ಈ ಜನ ಕೆಲಸ ಬಿಟ್ಟು ಪ್ರಾರ್ಥನೆಗೆ ಹೋಗುವುದು ಶನಿವಾರ! ಹಿಂದೆ ಯಾವಾಗಲೋ ಭಾನುವಾರ ಆಚರಿಸುವ ಕ್ರೈಸ್ತರ ಜೊತೆ ಬದುಕಿದ್ದರ ಗುರುತು ಅದು. ಏಳು ದಿನಗಳ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಜನಾಂಗ ಯಾರ್ಯಾರ ನೆರೆಯಲ್ಲಿ ಇದ್ದು ಬಂತು ಅನ್ನೋದು ತಿಳಿದುಬಿಡುತ್ತದೆ.

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಿಂದ ಪಶ್ಚಿಮಕ್ಕೆ 28 ಕಿಲೋಮೀಟರ್ ಹೋದರೆ ಟ್ರಾಕಾಯ್ ಸಿಗುತ್ತದೆ. ಗಾಲ್ವೆ ಸರೋವರದ ನಡುಗಡ್ಡೆಯಲ್ಲಿ ಕೆಂಪು ಇಟ್ಟಿಗೆಯ ಕೋಟೆ ಇದೆ. ದಡದಲ್ಲಿ ಕರಾಯಿಮರ ಬೀದಿ. ಅಲ್ಲಿನ ಹಳೆಯ ಮರದ ಮನೆಗಳಿಗೆ ರಸ್ತೆ ಕಡೆಗೆ ಮೂರು ಕಿಟಕಿ. ಒಂದು ದೇವರಿಗೆ, ಒಂದು ಮನೆಯವರಿಗೆ, ಒಂದು ದೊರೆ ವಿಟೌಟಸ್‌ಗೆ ಅಂತ ಊರಿನವರು ಹೇಳುತ್ತಾರೆ. ಈ ವಿಟೌಟಸ್‌ನೇ 1397-98ರ ಸುಮಾರಿಗೆ ಕಪ್ಪು ಸಮುದ್ರದ ಕ್ರೈಮಿಯಾದಿಂದ ಇವರನ್ನು ಕರೆತಂದು ಕೋಟೆಯ ಹತ್ತಿರ ನೆಲೆ ಕೊಟ್ಟ ಅನ್ನೋದು ಸಮುದಾಯದ ನೆನಪು. 380ರಷ್ಟು ಕುಟುಂಬಗಳು ಬಂದವು ಅಂತಲೂ ಹೇಳುತ್ತಾರೆ. 1441ರಲ್ಲಿ ಟ್ರಾಕಾಯ್ ಕರಾಯಿಮರಿಗೆ ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಹಕ್ಕೂ ಸಿಕ್ಕಿತು.

ಕರಾಯಿಮ್ ಅನ್ನೋ ಹೆಸರು ಹೀಬ್ರೂವಿನ ‘ಕರಾ’, ಅಂದರೆ ಓದು, ಅನ್ನುವ ಪದದಿಂದ ಬಂದದ್ದು. ಧರ್ಮಗ್ರಂಥವನ್ನು ಓದುವವರು ಅಂತ ಅರ್ಥ. ಇವರು ಹೀಬ್ರೂ ಬೈಬಲ್ ಒಂದನ್ನೇ ಒಪ್ಪುತ್ತಾರೆ. ಯಹೂದಿ ಗುರುಗಳು ಕಟ್ಟಿದ ತಾಲ್ಮುದ್ ಇವರಿಗೆ ಇಲ್ಲ. ಪ್ರಾರ್ಥನಾ ಮಂದಿರಕ್ಕೆ ಕೆನೆಸಾ ಅಂತ ಹೆಸರು. ಧರ್ಮ ಹೀಗೆ, ಮನೆಮಾತು ಮಾತ್ರ ತುರ್ಕಿಕ್ ಕುಟುಂಬದ್ದು, ಅದರಲ್ಲೂ ಕಿಪ್ಚಾಕ್ ಕವಲಿನದು. ಕ್ರೈಮಿಯಾದ ತಾತಾರರ ಮಾತು, ಕಾಕಸಸ್ ಬೆಟ್ಟಗಳ ಕರಾಚಾಯ್-ಬಲ್ಕಾರ್ ಮಾತು ಇದರ ಹತ್ತಿರದ ನೆಂಟರು.

ಈ ಭಾಷೆಯ ಒಳಗೆ ನಡೆದ ಒಂದು ಬದಲಾವಣೆ ನನಗೆ ತುಂಬಾ ಇಷ್ಟ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತುರ್ಕಿಕ್ ಭಾಷೆಗಳು ನಮ್ಮ ಕನ್ನಡದ ಹಾಗೇ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತವೆ. ಮನೆ, ಮನೆಗಳು, ಮನೆಗಳಲ್ಲಿ ಅನ್ನೋ ಥರ. ಆದರೆ ನಮ್ಮ ‘ಗಳು’ ಎಲ್ಲಿ ಹೋದರೂ ‘ಗಳು’ ಆಗಿಯೇ ಇರುತ್ತದೆ, ಅಲ್ವಾ? ಅವರದ್ದು ಹಾಗಲ್ಲ. ಟರ್ಕಿ ದೇಶದ ಮಾತಿನಲ್ಲಿ ಎವ್ ಅಂದರೆ ಮನೆ, ಮನೆಗಳು ಅನ್ನೋಕೆ ಎವ್ಲೆರ್. ಆಟ್ ಅಂದರೆ ಕುದುರೆ, ಕುದುರೆಗಳು ಅನ್ನೋಕೆ ಆಟ್ಲಾರ್. ಪದದಲ್ಲಿ ‘ಎ’ ಇದ್ದರೆ ಪ್ರತ್ಯಯವೂ ‘ಲೆರ್’, ‘ಆ’ ಇದ್ದರೆ ‘ಲಾರ್’. ‘ಎ’ ಹೇಳುವಾಗ ನಾಲಿಗೆ ಮುಂದಕ್ಕೆ ಬರುತ್ತದೆ, ‘ಆ’ ಹೇಳುವಾಗ ಹಿಂದಕ್ಕೆ ಸರಿಯುತ್ತದೆ. ಒಂದು ಪದ ಮುಗಿಯುವವರೆಗೂ ನಾಲಿಗೆ ಒಂದೇ ಕಡೆ ಇರಲಿ ಅನ್ನೋದು ನಿಯಮ. ಇದಕ್ಕೆ ಸ್ವರ ಸಾಮರಸ್ಯ ಅಂತಾರೆ.

ಟ್ರಾಕಾಯ್‌ಗೆ ಬಂದ ಕರಾಯಿಮರ ಸುತ್ತ ಇದ್ದದ್ದು ಪೋಲಿಷ್, ರಷ್ಯನ್, ಬೆಲರೂಸಿಯನ್, ಲಿಥುವೇನಿಯನ್ ಮಾತನಾಡುವವರು. ಈ ಭಾಷೆಗಳಲ್ಲೆಲ್ಲ ವ್ಯಂಜನಗಳು ಗಟ್ಟಿ, ಮೆದು ಅಂತ ಜೋಡಿಯಾಗಿ ಇರುತ್ತವೆ. ‘ನಾಯಿ’ ಅನ್ನುವಾಗಿನ ನ, ‘ನ್ಯಾಯ’ ಅನ್ನುವಾಗಿನ ನ ಎರಡನ್ನೂ ಒಮ್ಮೆ ಹೇಳಿ ನೋಡಿ. ಎರಡನೆಯದರಲ್ಲಿ ನಾಲಿಗೆಯ ನಡುಭಾಗ ಅಂಗುಳಿನ ಕಡೆ ಏರುತ್ತದೆ, ಅದೇ ಮೆದು. ನೂರಾರು ವರ್ಷ ಇದನ್ನೇ ಕೇಳಿ ಕೇಳಿ ಟ್ರಾಕಾಯ್ ಕರಾಯಿಮ್‌ನಲ್ಲಿ ಹಳೆಯ ಸ್ವರಗಳ ವ್ಯತ್ಯಾಸ ವ್ಯಂಜನಗಳ ಮೇಲೆ ಹೋಗಿ ಕೂತಿತು. ಬೇರೆ ತುರ್ಕಿಕ್ ಭಾಷೆಗಳಲ್ಲಿ ‘ದಿನಗಳು’ ಅನ್ನೋಕೆ ಕ್ಯುನ್ಲೆರ್ ಥರದ ಪದ ಇದೆ. ಇವರು ಪ್ರತ್ಯಯದಲ್ಲಿ ‘ಎ’ ಬಿಟ್ಟು ‘ಅ’ ಹಿಡಿದರು, ಅದಕ್ಕೆ ಬದಲಾಗಿ ಕ, ನ, ಲ, ರ ನಾಲ್ಕನ್ನೂ ಮೆದು ಮಾಡಿ, ಪ್ರತಿಯೊಂದರ ಹಿಂದೆ ಒಂದು ಸಣ್ಣ ‘ಯ’ ಅಡಗಿರುವ ಹಾಗೆ ಹೇಳುತ್ತಾರೆ. ಮೂಲ ಪದದ ವ್ಯಂಜನ ಮೆದುವಾದರೆ ಪ್ರತ್ಯಯದ ವ್ಯಂಜನವೂ ಮೆದು. ಅಂದರೆ ಅಜ್ಜಂದಿರ ನಿಯಮ ಉಳಿಯಿತು, ಅದನ್ನು ನಡೆಸುವವರು ಬದಲಾದರು. ಪ್ರಪಂಚದಲ್ಲಿ ಇಂಥದ್ದು ಬಹಳ ಅಪರೂಪ, ಧ್ವನಿಶಾಸ್ತ್ರದವರು ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ.

ಈಗಿನ ಉಕ್ರೇನಿನ ಹಾಲಿಚ್‌ನಲ್ಲಿ ನೆಲೆಸಿದ ಕರಾಯಿಮರು ಬೇರೆಯದೇ ದಾರಿ ಹಿಡಿದರು. ಕಣ್ಣಿಗೆ ಹಳೆಯ ಪದ ಕ್ಯೋಜ್ ಥರದ್ದು, ಹಾಲಿಚ್‌ನಲ್ಲಿ ಸ್ವರವೇ ಬದಲಾಗಿ ಅದು ಕೆಜ್ ಆಯಿತು. ಎರಡೂ ಕಡೆ ವಾಕ್ಯದ ಕಟ್ಟೂ ಬದಲಾಗಿದೆ. ನಮ್ಮ ಹಾಗೆ ಕ್ರಿಯಾಪದ ಕೊನೆಗೇ ಬರಬೇಕು ಅಂತಿಲ್ಲ, ‘ತಂದೆಯ ಮನೆ’ ಬದಲು ‘ಮನೆ ತಂದೆಯ’ ಅನ್ನೋ ಕ್ರಮವೂ ನಡೆಯುತ್ತದೆ. ಪೋಲಿಷ್, ರಷ್ಯನ್ ಥರದ ಸ್ಲಾವಿಕ್ ಭಾಷೆಗಳ ನೆರೆಯವರ ಪ್ರಭಾವ ಒಂದು ಕಡೆ, ಹೀಬ್ರೂ ಗ್ರಂಥವನ್ನು ಪದಕ್ಕೆ ಪದ ಇಟ್ಟು ಅನುವಾದಿಸುತ್ತಿದ್ದ ರೂಢಿ ಇನ್ನೊಂದು ಕಡೆ.

ಟ್ರಾಕಾಯ್‌ಗೆ ಹೋದವರೆಲ್ಲ ತಿನ್ನುವುದು ಕಿಬಿನ್. ಕುರಿ ಮಾಂಸವನ್ನು ರುಬ್ಬದೆ ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ, ಈರುಳ್ಳಿ ಸೇರಿಸಿ, ಹಿಟ್ಟಿನ ಹಾಳೆಯಲ್ಲಿಟ್ಟು ಅರ್ಧಚಂದ್ರದ ಹಾಗೆ ಮಡಚಿ, ಅಂಚನ್ನು ಜಡೆ ಹೆಣೆದ ಹಾಗೆ ತಿರುಚಿ ಒಲೆಯಲ್ಲಿ ಬೇಯಿಸುತ್ತಾರೆ. ನಮ್ಮ ಕರ್ಜಿಕಾಯಿಯದೇ ಆಕಾರ. ಇವರು ಬೆಳೆಯುತ್ತಿದ್ದ ಸೌತೆಕಾಯಿಗೂ ಒಳ್ಳೆಯ ಹೆಸರಿತ್ತು.

ಎರಡನೇ ಮಹಾಯುದ್ಧದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1939ರ ಜನವರಿಯಲ್ಲಿ ನಾಜಿ ಜರ್ಮನಿಯ ಒಂದು ಕಚೇರಿ ಕರಾಯಿಮರನ್ನು ಯಹೂದಿಗಳು ಅಂತ ಲೆಕ್ಕ ಹಾಕಬೇಕಿಲ್ಲ ಅಂತ ಹೇಳಿತ್ತು. ಆದರೂ ಯುದ್ಧದ ನಡುವೆ ಅನುಮಾನ ಮತ್ತೆ ಎದ್ದಿತು. ಆಗ ನಾಜಿಗಳು ಘೆಟ್ಟೋಗಳಲ್ಲಿ, ಅಂದರೆ ಯಹೂದಿಗಳಿಗೆಂದೇ ಬೇಲಿ ಹಾಕಿದ ಕೇರಿಗಳಲ್ಲಿ, ಕೂಡಿಹಾಕಿದ್ದ ಯಹೂದಿ ವಿದ್ವಾಂಸರನ್ನೇ ಅಭಿಪ್ರಾಯ ಕೇಳಿದರು. ವಿಲ್ನಿಯಸ್‌ನಲ್ಲಿ ಜೆಲಿಗ್ ಕಲ್ಮನೋವಿಚ್, ವಾರ್ಸಾದಲ್ಲಿ ಮೇಯರ್ ಬಲಬಾನ್, ಇಗ್ನಾಸಿ ಶಿಪ್ಪರ್. ಮೂವರೂ ಕರಾಯಿಮರು ಯಹೂದಿ ಮೂಲದವರಲ್ಲ ಅಂತ ಬರೆದುಕೊಟ್ಟರು. ಆ ಮೂವರಲ್ಲಿ ಒಬ್ಬರೂ ಯುದ್ಧ ಮುಗಿಯುವವರೆಗೆ ಬದುಕಲಿಲ್ಲ. ಟ್ರಾಕಾಯ್‌ನ ಕರಾಯಿಮರು ಉಳಿದುಕೊಂಡರು.

ಈಗ ಎಷ್ಟು ಜನ ಇದ್ದಾರೆ? ಲಿಥುವೇನಿಯಾದ ಜನಗಣತಿಯಲ್ಲಿ 2001ರಲ್ಲಿ 273, 2021ರಲ್ಲಿ 192. ಪೋಲೆಂಡ್, ಉಕ್ರೇನ್‌ಗಳಲ್ಲೂ ಕೆಲವರಿದ್ದಾರೆ. ಅದರಲ್ಲಿ ಭಾಷೆ ಬಲ್ಲವರು ಇನ್ನೂ ಕಡಿಮೆ, ಹೆಚ್ಚಿನವರು ವಯಸ್ಸಾದವರು. ಹಾಲಿಚ್‌ನ ಮಾತು ಕೇಳಿಸುವುದೇ ಇಲ್ಲ ಅನ್ನುವಷ್ಟಾಗಿದೆ. ಮೊದಲು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಿದ್ದ ಭಾಷೆ ಇದು, ಆಮೇಲೆ ಸಿರಿಲಿಕ್, ಪೋಲಿಷ್ ಮಾದರಿಯ ಲ್ಯಾಟಿನ್, ಈಗ ಲಿಥುವೇನಿಯನ್ ಮಾದರಿಯ ಲ್ಯಾಟಿನ್. ಅಜ್ಜಿ ಬರೆದಿಟ್ಟ ಪುಸ್ತಕವನ್ನು ಮೊಮ್ಮಗಳು ಓದಬೇಕಾದರೆ ಬೇರೆ ಲಿಪಿಯನ್ನೇ ಕಲಿಯಬೇಕು, ಎಂಥಾ ಕಷ್ಟ ನೋಡಿ.

ಮಿಕೊಲಾಸ್ ಫಿರ್ಕೊವಿಚಿಯುಸ್ ಅನ್ನುವ ಹಿರಿಯರು ಸಮುದಾಯದ ಮುಖ್ಯಸ್ಥರಾಗಿ ಕೆನೆಸಾದಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಅವರು 1996ರಲ್ಲಿ ಒಂದು ಪಠ್ಯಪುಸ್ತಕ ತಂದರು. ಅದರ ಹೆಸರಿನ ಅರ್ಥ ‘ನಾನು ಕರಾಯಿಮ್ ಕಲಿಯುತ್ತಿದ್ದೇನೆ’. ಅವರು 2000ದಲ್ಲಿ ತೀರಿಕೊಂಡರು. ಈ ಮಾತನ್ನು ದಾಖಲಿಸಿದ ಭಾಷಾವಿಜ್ಞಾನಿ ಏವಾ ಚಾಟೊ ಮತ್ತು ಸಮುದಾಯದವರು ಸೇರಿ ಬೇಸಿಗೆಯಲ್ಲಿ ಟ್ರಾಕಾಯ್‌ನಲ್ಲೇ ಭಾಷಾ ಶಿಬಿರ ನಡೆಸಿದ್ದಾರೆ. ಮನೆಯಲ್ಲಿ ಲಿಥುವೇನಿಯನ್, ಪೋಲಿಷ್ ಮಾತನಾಡಿ ಬೆಳೆದ ಮಕ್ಕಳಿಗೆ ಮೆದು ನ, ಮೆದು ಲ ಹೇಳೋದು ಕಷ್ಟವೇ ಅಲ್ಲ, ಅದು ಅವರ ಬಾಯಲ್ಲಿ ಆಗಲೇ ಇದೆ. ಅವರು ಕೂತು ಕಲಿಯಬೇಕಾದದ್ದು ಉಳಿದದ್ದನ್ನು: ಪದಗಳು, ಪ್ರತ್ಯಯಗಳು, ಯೆಖ್‌ಕುನ್‌ನಿಂದ ಶಬಾತ್ ಕುನ್‌ವರೆಗೆ ವಾರದ ಹೆಸರುಗಳು.